ಕೆಂಚಿಯ ಕಷಾಯ ಕುಡಿದವರು

ಗುರುವಾರ, ಬೆಳಿಗ್ಗೆ ಆರೂಕಾಲು. ಹಾಜರಿದ್ದವರು: ನಾನು, ನನ್ನ ಅಕ್ಕನ ಗಂಡ ಅಂದರೆ ಭಾವ, ಟೆಂಪೊ ಡ್ರೈವರ್, ರಾಮನಗರದ ಮಾರುಕಟ್ಟೆಗೆ ಹೊರಟ ಆರು ಚೀಲ ರೇಷ್ಮೆಗೂಡು, ಮುಚ್ಚಳದ ಬಿದಿರು ಬುಟ್ಟಿಯೊಳಗೆ ಭಾವನ ನಾಯಿ ಕೆಂಚಿ. ನಾಯಿಗೆ ಮದ್ದು ಕೊಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ನಾಯಿಯ ಪ್ರಯಾಣದ ಭಯಕ್ಕೆ ಮನುಷ್ಯರಿಗೆ ಮದ್ದು ಕುಡಿಸುವವರು ನನ್ನ ಭಾವ ಒಬ್ಬರೇ!

ಭಯಕ್ಕೆ ಕಾರಣವಿತ್ತು. ಕೆಂಚಿಯ ಹೊಟ್ಟೆಯಡಿ ನಿಂಬೆಕಾಯಿ ಗಾತ್ರದ ಗಂಟು. ರಾಮನಗರಕ್ಕೆ ಒಯ್ದು ಬೇಗ ಕೊಯ್ಯಿಸದಿದ್ದರೆ ಉಳಿಯುವುದಿಲ್ಲವೆಂದು ಊರಿಗೆ ಬಂದಿದ್ದ ದನದ ಡಾಕ್ಟರು ಹೇಳಿದ್ದರು. ಹಿಂದಿನ ವಾರ ಹೊರಟಾಗ, ಬಂಡೆ ತಿರುವಿನಲ್ಲಿ ಹಾರನ್ನಿಗೆ ಬೆದರಿದ ಕೆಂಚಿ ಓಡುವ ಟೆಂಪೊದಿಂದ ಜಿಗಿದುಬಿಟ್ಟಿತ್ತು. ಕುಂಟುತ್ತ ಮನೆ ಸೇರಿದ್ದು ಮೂರನೆಯ ದಿನ. ಇನ್ನೊಮ್ಮೆ ಜಿಗಿದರೆ?

ಮನುಷ್ಯರು ಜಗಲಿಗೆ ಬಂದು, ಮುಂದಿನ ಬೆಳೆಯ ರೇಷ್ಮೆಹುಳುಗಳು ನಡುಮನೆ ಸೇರಿದ್ದ ಕಾಲವದು. ಹುಳು ಪೊರೆ ಬಿಡಲು ಮಲಗಿದಾಗ ಭಾವ ಸೊಪ್ಪು ಹಾಕರು, ಮುಟ್ಟಗೊಡರು, ಗಟ್ಟಿಯಾಗಿ ಮಾತಾಡಲು ಬಿಡರು. ಈಗ ಅದೇ ಕಾನೂನು ಕೆಂಚಿಗೂ! ಹಿಂದಿನ ಸಂಜೆಯಿಂದ ಊಟವಿಲ್ಲ. ಬುಟ್ಟಿಯಲ್ಲಿ ಲಾವಂಚದ ಬೇರಿನ ಹಾಸಿಗೆ. ನಾನು ಕೆಮ್ಮಿದರೂ ತಪ್ಪು.

“ಮೇಷ್ಟ್ರೇ, ಒಸಿ ಮೆಲ್ಲಗ್ ಕೆಮ್ಮಿ!”

ಮೂವತ್ತು ವರ್ಷ ಗಂಟೆ ತಪ್ಪದೆ ಪಾಠ ಮಾಡಿದ ನನಗೆ ಆ ಪಾಠ ಬರುತ್ತಿರಲಿಲ್ಲ.

ಆಮೇಲೆ ಚೊಂಬು ಹೊರಬಂತು. ಒಂದೆಲಗ, ತುಳಸಿ, ಶುಂಠಿ, ಬೆಲ್ಲದ ಕಷಾಯ. ಕೆಂಚಿಗೆ ಎರಡು ಚಮಚ. ನನಗೊಂದು ಲೋಟ, ಡ್ರೈವರಿಗೆ ಎರಡು!

“ಭಯ ನಾಯಿಗೆ. ನಮಗ್ಯಾಕೆ ಭಾವ?”

“ನಾವು ಹೆದರ್ಕಂಡ್ರೆ ಇವಳ್ಗೆ ವಾಸ್ನೇಲೇ ಗೊತ್ತಾಯ್ತದೆ ಕಣ್ರೀ. ಕುಡೀರಿ!”

ಕುಡಿದು ಹೊರಟೆವು. ನಾನೂ ಭಾವನೂ ಹಿಂದೆ, ಚೀಲಗಳ ನಡುವೆ. ಬಂಡೆ ತಿರುವು ಬಂತು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಆಳದ ಹಳ್ಳ. ಹಿಂದಿನ ಕಿಂಡಿಯಲ್ಲಿ ನಮ್ಮತ್ತ ನೋಡಿ ಡ್ರೈವರ್ ದೊಡ್ಡದಾಗಿ ಆಕಳಿಸಿದ.

“ಗೌಡ್ರೇ, ನಾಯಿ ಎಚ್ಚರವಾಗೇ ಐತೆ. ನಂಗೇ ನಿದ್ದೆ ಬತ್ತಾ ಐತೆ!”

“ಲೇ, ಕಣ್ಬುಡ್ಲಾ!”

ಮೆಲ್ಲಗೆ ಕೆಮ್ಮಬೇಕೆಂದವರ ಕೂಗಿಗೆ ಎದುರಿನ ಹಾಲಿನ ವ್ಯಾನೇ ಪಕ್ಕಕ್ಕೆ ಸರಿದು ಹಾರನ್ ಹೊಡೆಯಿತು. ಹಾರನ್! ಬುಟ್ಟಿ ಗಡಗಡ ನಡುಗತೊಡಗಿತು. ಜಿಗಿದೇಬಿಟ್ಟಿತೆಂದು ಎರಡೂ ಕೈ ಚಾಚಿ ಬಗ್ಗಿದೆ.

ಅರೆತೆರೆದ ಮುಚ್ಚಳದೊಳಗೆ ಕೆಂಚಿ ಸುಮ್ಮನೆ ಮಲಗಿತ್ತು. ನಡುಗುತ್ತಿದ್ದುದು ಅದರ ತಲೆಯ ಮೇಲಿದ್ದ ಭಾವನ ಕೈ.

“ನೀವು ಕಷಾಯ ಕುಡೀಲಿಲ್ವಾ ಭಾವ?”

“ನನ್ ಪಾಲು ಎತ್ತಿಟ್ಟಿವ್ನಿ. ವಾಪಸ್ ಬರುವಾಗ ಇವಳ್ಗೆ ಬೇಕಲ್ಲ... ಇವಳು ಬಂದ್ರೆ.”

ಆ ಕೈಯ ಮೇಲೆ ನನ್ನ ಕೈ ಇಟ್ಟೆ. ರಾಮನಗರದವರೆಗೂ ತೆಗೆಯಲಿಲ್ಲ.

ಮಧ್ಯಾಹ್ನ ಗಂಟು ತೆಗೆದರು. ಸಂಜೆ ಐದೂವರೆಗೆ ಕೆಂಚಿ, ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು, ಗೊರಕೆ ಹೊಡೆಯುತ್ತ ಮನೆಗೆ ಬಂತು. ಅದಕ್ಕೆ ಕಷಾಯ ಬೇಕಾಗಲಿಲ್ಲ. ಬುಟ್ಟಿಯ ಪಕ್ಕ ಕೂತ ಭಾವನ ಕೈಯ ನಡುಕ ಇನ್ನೂ ನಿಂತಿರಲಿಲ್ಲ. ಎತ್ತಿಟ್ಟ ಪಾಲು ಬಿಸಿ ಮಾಡಿ ಅವರಿಗೆ ಕುಡಿಸಿದೆ. ನನಗೆ ಕೆಮ್ಮು ಬಂತು, ಅಂಗಳಕ್ಕೆ ಹೋಗಿ ಕೆಮ್ಮಿದೆ. ಆರು ಗಂಟೆಗೆ ಚೊಂಬು ತೊಳೆದು, ಸದ್ದಾಗದಂತೆ ಕವುಚಿಟ್ಟೆ.