ಮೂರು ಪೆಟ್ಟಿಗೆ, ಒಬ್ಬ ಅಳಿಯ

ಮಾವನಿಗೆ ಅಳಿಯನ ಮೇಲೆ ಇದ್ದಕ್ಕಿದ್ದಂತೆ ನಂಬಿಕೆ ಹುಟ್ಟಿದ್ದೇ ಆ ಶನಿವಾರದ ಅನಾಹುತಕ್ಕೆಲ್ಲ ಮೂಲ.

ಅಳಿಯ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಏನೇ ಹೇಳಬೇಕಾದರೂ ಒಂದು ಕ್ಷಣ ತಡೆದು, ಗಂಟಲು ಸರಿಮಾಡಿಕೊಂಡು ಬಾಯಿ ಬಿಡುವ ಅಭ್ಯಾಸ ಇದ್ದದ್ದರಿಂದ ಅಚ್ಚುಕೂಟದವರು ಅವನಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟಿದ್ದರು. ಹದಿನಾರು ವರ್ಷದ ಸಂಸಾರದಲ್ಲಿ ಅವನು ಗೋಡೆಗೆ ಹೊಡೆದ ಮೊಳೆ ಒಂದೇ ಒಂದು. ಅದು ಗೋಡೆ ದಾಟಿ, ಪಕ್ಕದ ಮನೆಯ ಕ್ಯಾಲೆಂಡರನ್ನು ಕೆಡವಿ, ಆ ಕಡೆ ತಲೆ ಹಾಕಿತ್ತು. ಹಡಗಿನಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದ ಮಾವ ಅವತ್ತಿನಿಂದ ಬಂದವರಿಗೆಲ್ಲ ಹೇಳುತ್ತಿದ್ದರು: “ನಮ್ಮ ಅಳಿಯಂದಿರ ಕೈಗೆ ಸ್ಕ್ರೂಡ್ರೈವರ್ ಕೊಡೋದೂ ಒಂದೇ, ಮಂಗನ ಕೈಗೆ ಮಾಣಿಕ್ಯ ಕೊಡೋದೂ ಒಂದೇ.” ಅಲ್ಪವಿರಾಮನಿಗೆ ಈ ಮಾತಿನಿಂದ ಬೇಸರವೇನೂ ಇರಲಿಲ್ಲ. ಏಣಿ ಹತ್ತು, ನಲ್ಲಿ ಬಿಚ್ಚು ಎಂದು ಯಾರೂ ಕಾಡುತ್ತಿರಲಿಲ್ಲವಲ್ಲ!

ಮಾವನ ಪಂಚಪ್ರಾಣವೆಂದರೆ ಅವರ ಎರಡು ಬಾಗಿಲಿನ ಕೆಂಪು ಕಾರು. ಕಳೆದ ವರ್ಷ ಅದಕ್ಕೆ ತಮ್ಮ ಕೈಯಾರೆ ಸೂಪರ್‌ಚಾರ್ಜರ್ ಕೂರಿಸಿದ್ದರು. ಉಣ್ಣದ ಮಗುವಿನ ಬಾಯಿಗೆ ತಾಯಿ ತುತ್ತು ತುರುಕುವ ಹಾಗೆ, ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ಒತ್ತಿ ತುಂಬುವ ಯಂತ್ರ ಅದು. ತುತ್ತೇನೋ ದೊಡ್ಡದಾಯಿತು. ಆದರೆ ಎಂಜಿನ್ನನ್ನು ಆಳುವ ಕಂಪ್ಯೂಟರ್ ಪೆಟ್ಟಿಗೆ ಹಳೆಯದೇ. ಇಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಬಿಡಬೇಕು, ಕಿಡಿ ಯಾವಾಗ ಹಾರಿಸಬೇಕು ಎಂಬುದು ಅದಕ್ಕೆ ತಿಳಿಯದು. ಹಾಗಾಗಿ ಕಾರು ಬಿಕ್ಕಳಿಸುತ್ತಿತ್ತು, ಕೆಮ್ಮುತ್ತಿತ್ತು, ನಡುನಡುವೆ ಢಂ ಎಂದು ಸಿಡಿಯುತ್ತಿತ್ತು.

ಒಂದು ತಿಂಗಳಿಂದ ಮಾವ ದೊಡ್ಡ ಮಗಳ ಮನೆಯಲ್ಲಿದ್ದರು; ಕಾರು ಚಿಕ್ಕ ಮಗಳ ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿತ್ತು. ಶನಿವಾರ ಬೆಳಿಗ್ಗೆ ಫೋನ್ ಬಂತು.

“ಅಳಿಯಂದಿರೇ, ಸಂಜೆ ಅಲ್ಲಿಗೆ ಬರ್ತಿದ್ದೀನಿ. ನಾಳೆ ಗುಡ್ಡದ ಮೇಲೆ ರೇಸ್ ಇದೆಯಲ್ಲ, ಅಷ್ಟರೊಳಗೆ ಕಾರಿಗೆ ಹೊಸ ಕಂಪ್ಯೂಟರ್ ಹಾಕಿಸ್ಬಿಡಿ. ಗ್ಯಾರೇಜಿನಲ್ಲಿ ಮೂರು ಥರದ್ದು ತರಿಸಿಟ್ಟಿದ್ದೀನಿ. ಯಾವುದು ಅಂತ ನೀವೇ ಆರಿಸಿ.”

“ನಾ... ನಾನಾ?”

“ನೀವೇ. ಗ್ಯಾರೇಜಿನವರಿಗೂ ಹೇಳಿದ್ದೀನಿ, ನಮ್ಮ ಅಳಿಯ ಹೇಳಿದ್ದೇ ಕೊನೇ ಮಾತು ಅಂತ. ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ.”

ಫೋನ್ ಕಟ್ಟಾಯಿತು. ಅಲ್ಪವಿರಾಮ ಅಡುಗೆಮನೆಗೆ ಓಡಿದ. ಸುದ್ದಿ ಕೇಳಿ ಹೆಂಡತಿ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಬಿಟ್ಟಳು.

“ರೀ, ನಮ್ಮಪ್ಪ ಹಡಗಿನಲ್ಲಿ ಕ್ಯಾಪ್ಟನ್ನನ್ನೇ ನಂಬ್ತಿರಲಿಲ್ಲ. ನಿಮ್ಮನ್ನ ನಂಬ್ತಾರಾ? ಇದು ಪರೀಕ್ಷೆ. ಆ ಕಾರು ಕೆಡಿಸಿದ್ರೋ, ಆಮೇಲೆ ತವರುಮನೆ ಹೊಸ್ತಿಲು ನಾನು ಒಬ್ಬಳೇ ತುಳೀಬೇಕಾಗುತ್ತೆ.”

ಅವನು ಅಚ್ಚುಕೂಟದ ಮಾಲೀಕರಿಗೆ ಫೋನ್ ಮಾಡಿ, ಹೊಟ್ಟೆನೋವು ಎಂದು ನರಳಿ ರಜೆ ಕೇಳಿದ. ಹೊದಿಕೆ ತೆಗೆದು ಕಾರು ಹೊರಡಿಸುವಷ್ಟರಲ್ಲಿ, ಎದುರು ಮನೆಯ ನಿವೃತ್ತ ರೈಲು ಡ್ರೈವರ್ ಕರೆಯದೇ ಬಂದು ಪಕ್ಕದ ಸೀಟಿನಲ್ಲಿ ಕುಳಿತಿದ್ದರು.

“ಎಲ್ಲಾ ಕೇಳಿಸ್ತು. ಎಂಜಿನ್ ವಿಷಯ ತಾನೇ? ಮೂವತ್ತೆರಡು ವರ್ಷ ಎಂಜಿನ್ ಮೇಲೇ ಬಾಳಿದೋನು ನಾನು. ನಡೀರಿ, ನಡೀರಿ.”

ನಾಲ್ಕು ಬೀದಿ ದಾಟಿದರು. ಕ್ಷೌರದಂಗಡಿಯ ಮುಂದೆ ಸಿಗ್ನಲ್ ಕೆಂಪಾಯಿತು. ಕಾರು ಬಿಕ್ಕಳಿಸತೊಡಗಿತು.

“ಆಕ್ಸಿಲರೇಟರ್ ಒತ್ತಿ!” ಎಂದರು ರೈಲು ಡ್ರೈವರ್.

ಅಲ್ಪವಿರಾಮ ಒತ್ತಿದ. ಢಂ! ಬೀದಿಯ ನಾಯಿಗಳೆಲ್ಲ ಏಕಕಾಲಕ್ಕೆ ಜಾಗ ಖಾಲಿ ಮಾಡಿದವು. ಮರುಕ್ಷಣ ಅಂಗಡಿಯೊಳಗಿಂದ “ಅಯ್ಯಯ್ಯೋ!” ಎಂಬ ಆರ್ತನಾದ ಕೇಳಿತು. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡ ದಪ್ಪ ಮನುಷ್ಯರೊಬ್ಬರು ಬಾಗಿಲಿಗೆ ಓಡಿ ಬಂದರು. ಅವರ ಮೀಸೆಯ ಎಡಭಾಗ ಹುಲಿಯ ಹಾಗಿತ್ತು. ಬಲಭಾಗ ಇರಲೇ ಇಲ್ಲ.

ಅವರು ಅಚ್ಚುಕೂಟದ ಮಾಲೀಕರು!

“ಹೊಟ್ಟೆನೋವು ಅಂದ್ರಲ್ರೀ?” ಎಂದರು ಮಾಲೀಕರು, ತುಟಿ ಮುಚ್ಚಿಕೊಂಡು.

“ಹೌದು ಸಾರ್... ಕಾರಿಗೆ.”

ಮಾಲೀಕರು ಬೈಯಲು ಬಾಯಿ ತೆರೆದರು. ಆದರೆ ರೈಲು ಡ್ರೈವರ್ ನಡುವೆ ಬಾಯಿ ಹಾಕಿ, ಮೂರು ಪೆಟ್ಟಿಗೆಗಳ ವಿಷಯವನ್ನೆಲ್ಲ ಬಿಡಿಸಿ ಹೇಳಿಬಿಟ್ಟರು. ಇನ್ನೊಬ್ಬರಿಗೆ ಬುದ್ಧಿ ಹೇಳುವ ಅವಕಾಶ ಕಂಡರೆ ಮಾಲೀಕರಿಗೆ ಮೀಸೆಯೂ ಮರೆತುಹೋಗುತ್ತಿತ್ತು. “ಆರಿಸೋದಕ್ಕೆ ವ್ಯಾಪಾರ ಗೊತ್ತಿರೋರು ಬೇಕು ಕಣ್ರೀ. ಸರೀರಿ ಅತ್ತ!” ಎಂದು ಕರವಸ್ತ್ರದಿಂದ ಬೋಳು ಭಾಗ ಮುಚ್ಚಿಕೊಂಡು, ಮಗುವೂ ಕೂರಲಾರದ ಹಿಂದಿನ ಸೀಟಿಗೆ ಮೂಟೆಯ ಹಾಗೆ ಉರುಳಿದರು.

ಗ್ಯಾರೇಜ್ ನಡೆಸುತ್ತಿದ್ದದ್ದು ಐವತ್ತರ ಆಸುಪಾಸಿನ ಹೆಂಗಸು. ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ಹಾಗೆನ್ನುವಾಗ ದನಿ ತಗ್ಗಿಸುತ್ತಿದ್ದರು. ಆಕೆ ಕಾರನ್ನು ದೊಡ್ಡ ಉರುಳೆಗಳ ಮೇಲೆ ಹತ್ತಿಸಿದಳು. ಕಾರು ನಿಂತಲ್ಲೇ ನಿಂತು ಓಡಿ ತನ್ನ ಬಲವನ್ನೆಲ್ಲ ತೋರಿಸಬೇಕಾದ ಜಾಗ ಅದು. ಮೇಜಿನ ಮೇಲೆ ಮೂರು ಪೊಟ್ಟಣಗಳಿದ್ದವು.

“ನೋಡಿ ಸಾರ್. ಮೊದಲನೇದರಲ್ಲಿ ಹಳೇ ಪೆಟ್ಟಿಗೆನೇ ಇರುತ್ತೆ, ಒಳಗಿನ ಪ್ರೋಗ್ರಾಮ್ ಮಾತ್ರ ಬದಲಾಯಿಸ್ತೀವಿ. ಇನ್ನೊಂದು ಸಣ್ಣ ಪೆಟ್ಟಿಗೆ. ಇದು ಎಂಜಿನ್ನಿಗೂ ಹಳೇ ಕಂಪ್ಯೂಟರಿಗೂ ನಡುವೆ ಕೂತು, ಅದಕ್ಕೊಂದು ಇದಕ್ಕೊಂದು ಹೇಳಿ ಕೆಲಸ ತೆಗೆಯುತ್ತೆ. ಇದಿದೆಯಲ್ಲ, ಇದನ್ನ ಹಾಕಿದ್ರೆ ಹಳೇದನ್ನ ಕಿತ್ತೇ ಹಾಕೋದು. ಎಲ್ಲಾ ಹೊಸದು. ಯಾವುದು?”

“ಮೊದಲನೇದು!” ಎಂದರು ರೈಲು ಡ್ರೈವರ್. “ಹಳೇ ಎತ್ತಿಗೆ ಹೊಸ ಪಾಠ ಕಲಿಸಿದ್ರೆ ಸಾಕು. ಎತ್ತು ಯಾಕೆ ಬದಲಾಯಿಸ್ಬೇಕು?”

“ಎರಡನೇದು ಕಣ್ರೀ!” ಎಂದರು ಮಾಲೀಕರು. “ಅದಕ್ಕೊಂದು ಇದಕ್ಕೊಂದು ಹೇಳೋದು ಅಂದ್ರೆ ದಲ್ಲಾಳಿ. ದಲ್ಲಾಳಿ ಇಲ್ಲದೆ ಜಗತ್ತಿನಲ್ಲಿ ಯಾವ ಕೆಲಸ ಆಗಿದೆ?”

“ರೈಲಿನಲ್ಲಿ ದಲ್ಲಾಳಿ ಇರಲಿಲ್ಲ ಸ್ವಾಮಿ!”

“ಅದಕ್ಕೇ ತಡವಾಗಿ ಬರ್ತಿತ್ತು!”

ಮಾತಿಗೆ ಮಾತು ಬೆಳೆಯಿತು. ಎಂಜಿನ್ನಿನ ನಾಡಿ ತಮಗೆ ಗೊತ್ತೆಂದು ತೋರಿಸಲು ರೈಲು ಡ್ರೈವರ್ ಕಾರಿನೊಳಗೆ ಕೂತು ಎಂಜಿನ್ ಚಾಲೂ ಮಾಡಿ ಒಂದೇ ಸಮನೆ ಒತ್ತಿದರು. ಬಾನೆಟ್ ತೆರೆದಿತ್ತು, ಅಕ್ಕ ಪರೀಕ್ಷೆಗೆಂದು ಗಾಳಿ ಸೋಸುವ ಫಿಲ್ಟರ್ ಬಿಚ್ಚಿಟ್ಟಿದ್ದಳು. ಸೂಪರ್‌ಚಾರ್ಜರ್ ಕೀರಲು ದನಿಯಲ್ಲಿ ಕಿರುಚಿ ಉಸಿರೆಳೆಯಿತು. ಬಗ್ಗಿ ನೋಡುತ್ತಿದ್ದ ಮಾಲೀಕರ ತುಟಿಯ ಮೇಲಿನ ಕರವಸ್ತ್ರ ಸರ್ರನೆ ಹಾರಿ ಕೊಳವೆಯ ಬಾಯಿಗೆ ಸಿಕ್ಕಿಕೊಂಡಿತು. ಎಂಜಿನ್ ಉಬ್ಬಸ ಬಂದವರಂತೆ ಗೊರಗುಟ್ಟಿತು. ಮಾಲೀಕರು ಉಳಿದರ್ಧ ಮೀಸೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಿಂದಕ್ಕೆ ಜಿಗಿದರು.

ಅಕ್ಕ ಎಂಜಿನ್ ನಿಲ್ಲಿಸಿ, ಚಿಮಟದಿಂದ ಕರವಸ್ತ್ರ ಎಳೆದು ತೆಗೆದಳು.

“ಒಂದು ಗಂಟೆ ಟೈಮ್ ಕೊಡ್ತೀನಿ. ಯಾವುದು ಅಂತ ಅಳಿಯಂದಿರು ಹೇಳ್ಬೇಕು. ಮಿಕ್ಕೋರು ಬಾಯಿ ಬಿಟ್ರೆ ಇಬ್ಬರನ್ನೂ ಈ ಉರುಳೆ ಮೇಲೆ ಓಡಿಸ್ತೀನಿ!”

ಅಲ್ಪವಿರಾಮ ಏನು ಮಾಡುವುದೆಂದು ತೋಚದೆ, ಪೊಟ್ಟಣಗಳ ಜೊತೆ ಬಂದಿದ್ದ ಮೂರು ಕೈಪಿಡಿಗಳನ್ನು ಎತ್ತಿಕೊಂಡು ಮೂಲೆಯ ಟೈರಿನ ಮೇಲೆ ಕುಳಿತ. ಅಚ್ಚಾದ ಕಾಗದ ಕಂಡದ್ದೇ ಅವನ ಕೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಯಿತು. ಉಸಿರಾಟ ಹದಕ್ಕೆ ಬಂತು. ಅವನಿಗೆ ಯಂತ್ರ ಗೊತ್ತಿರಲಿಲ್ಲ ನಿಜ, ತಪ್ಪು ಗೊತ್ತಿತ್ತು.

ಮೊದಲ ಕೈಪಿಡಿಯಲ್ಲಿ ಹನ್ನೆರಡನೇ ಪುಟದ ನಂತರ ಹದಿನೇಳನೇ ಪುಟ ಬಂದಿತ್ತು. ಎರಡನೆಯದಂತೂ ಕೆಂಪು ಶಾಯಿಯಲ್ಲಿ ತೊಯ್ದು ಹೋಯಿತು. ಮೂವತ್ತೊಂದನೇ ಪುಟಕ್ಕೆ ಬಂದಾಗ ಅವನು ನಿಂತ, ಹಿಂದಕ್ಕೆ ತಿರುವಿದ, ಮತ್ತೆ ಮುಂದಕ್ಕೆ ಬಂದ.

“ಅಕ್ಕಾ, ಇಲ್ಲಿ ನೋಡಿ. ಪೂರ್ತಿ ಗಾಳಿ ತುಂಬಿದಾಗ ಕಿಡಿಯನ್ನು ಹತ್ತು ಡಿಗ್ರಿ ತಡ ಮಾಡಿ ಅಂತ ಹದಿನಾಲ್ಕನೇ ಪುಟದಲ್ಲಿದೆ. ಈ ಪಟ್ಟಿಯಲ್ಲಿ ನಡುವೆ ಚುಕ್ಕಿ ಬಿದ್ದು ಒಂದು ಡಿಗ್ರಿ ಆಗಿದೆ. ಯಾವುದು ಸರಿ?”

ಅಕ್ಕ ಕೈಪಿಡಿ ಕಿತ್ತುಕೊಂಡು ನೋಡಿದಳು. ಮುಖ ಬಿಳಿಚಿಕೊಂಡಿತು. ಅಲ್ಲೇ ಸ್ಟೂಲಿನ ಮೇಲೆ ಕುಸಿದಳು.

“ಹತ್ತೇ ಸರಿ ಸಾರ್. ಒಂದು ಅಂತ ಹಾಕಿದ್ರೆ ಕಿಡಿ ಬೇಗ ಹಾರಿ ಪಿಸ್ಟನ್ ತೂತು ಬೀಳುತ್ತೆ. ಅಯ್ಯೋ, ಹೋದ ವಾರ ಒಬ್ಬರ ಎಂಜಿನ್ ಹಂಗೇ ಹೋಯ್ತು! ಪೆಟ್ರೋಲ್ ಸರಿ ಇಲ್ಲ ಅಂತ ಬಂಕಿನವರ ಜೊತೆ ಜಗಳ ಆಡಿ ಬಂದಿದ್ದೀನಲ್ಲ...”

ರೈಲು ಡ್ರೈವರ್ ಕೈಕಟ್ಟಿ ನಿಂತರು. ಮಾಲೀಕರ ಅರ್ಧ ಮೀಸೆ ಜೋತುಬಿತ್ತು. ಅಲ್ಪವಿರಾಮ ಮೂರನೇ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ. ನೂರ ಎಂಟು ಪುಟದಲ್ಲಿ ಒಂದು ಚುಕ್ಕಿಯೂ ಆಚೀಚೆ ಇರಲಿಲ್ಲ. ಅಂಥ ಅಚ್ಚನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ, ಕಣ್ಣಂಚು ಒದ್ದೆಯಾಯಿತು.

“ಮೂರನೇದು,” ಎಂದ. ತಡವರಿಸದೆ ಹೇಳಿದ್ದಕ್ಕೆ ತಾನೇ ದಂಗಾದ.

ಮಧ್ಯಾಹ್ನ ಕಳೆಯುವುದರೊಳಗೆ ಹಳೆಯ ಪೆಟ್ಟಿಗೆ ಹೊರಬಂದು ಹೊಸದು ಕೂತಿತು. ಅಕ್ಕ ಕಾರನ್ನು ಉರುಳೆಗಳ ಮೇಲೆ ಓಡಿಸಿ, ಪರದೆ ನೋಡುತ್ತಾ ಒಂದೊಂದೇ ಅಂಕಿ ತಿದ್ದಿದಳು. ಅವಳ ಹೆಗಲ ಹಿಂದೆ ನಿಂತು ಅಲ್ಪವಿರಾಮ ಅವನ್ನು ಕೈಪಿಡಿಯ ಜೊತೆ ತಾಳೆ ನೋಡಿದ. ಕಡೆಗೆ ಎಂಜಿನ್ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಓಡಿತು. ಬಿಕ್ಕಳಿಕೆ ಇಲ್ಲ, ಢಂ ಇಲ್ಲ. ಮನೆಗೆ ಬರುವ ದಾರಿಯಲ್ಲಿ ಹಿಂದೆ ಮುಂದೆ ಕೂತ ಇಬ್ಬರು ಸಲಹೆಗಾರರೂ ಸೀಟು ಹಿಡಿದುಕೊಂಡು ತುಟಿಪಿಟಕ್ಕೆನ್ನಲಿಲ್ಲ.

ಐದೂವರೆಗೆ ಮಾವ ಬಂದರು. ಚೀಲ ಕೆಳಗಿಡುವ ಮೊದಲೇ ಅಳಿಯನ ಮುಖವನ್ನು ಆಸೆಗಣ್ಣಿನಿಂದ ನೋಡಿದರು.

“ಏನಾಯ್ತು? ಕೆಟ್ಟೋಯ್ತಾ?”

“ಇಲ್ಲ ಮಾವ! ಸರಿಹೋಯ್ತು!”

“ಸರಿಹೋಯ್ತು ಅಂದ್ರೆ?”

“ಪೂರ್ತಿ ಸರಿಹೋಯ್ತು.”

ಮಾವ ಕೀಲಿ ಇಸಿದುಕೊಂಡು ಕಾರು ಓಡಿಸಿ ನೋಡಲು ಹೋದರು. ಮೂರೇ ನಿಮಿಷದಲ್ಲಿ ಹಿಂದಿರುಗಿದರು. ಮುಖದಲ್ಲಿ ರಕ್ತದ ಸುಳಿವಿರಲಿಲ್ಲ. ಕನ್ನಡಕ ಒಂದು ಕಿವಿಯಲ್ಲಿ ನೇತಾಡುತ್ತಿತ್ತು. ಕುರ್ಚಿಯಲ್ಲಿ ಕುಸಿದು ಒಂದು ತಂಬಿಗೆ ನೀರು ಕುಡಿದು, ಮಗಳನ್ನು ಏನೋ ನೆಪ ಹೇಳಿ ಒಳಗೆ ಕಳಿಸಿ, ಅಳಿಯನನ್ನು ಹತ್ತಿರ ಕರೆದರು.

“ಅಳಿಯಂದಿರೇ, ಯಾರಿಗೂ ಹೇಳ್ಬೇಡಿ. ಹೋದ ತಿಂಗಳು ಗುಡ್ಡದ ಮೂರನೇ ತಿರುವಿನಲ್ಲಿ ಮುಂದಿನ ಚಕ್ರ ಅಂಚಿಗೆ ಹೋಯ್ತು. ಅವತ್ತಿಂದ ಆ ಕಾರು ಕಂಡ್ರೆ ಕೈ ನಡುಗುತ್ತೆ. ಎಪ್ಪತ್ತೆರಡು ವರ್ಷ ಆಯ್ತಲ್ಲ ನನಗೆ. ಹೆದರಿಕೆ ಅಂತ ಗೆಳೆಯರ ಮುಂದೆ ಹೇಳೋಕಾಗುತ್ತಾ? ಕಾರೇ ಕೆಟ್ಟಿತ್ತು ಅಂದ್ರೆ ಮರ್ಯಾದೆ ಉಳಿಯುತ್ತೆ. ಅದಕ್ಕೇ ಹುಡುಕಿ ಹುಡುಕಿ ಕೆಲಸಾನ ನಿಮಗೆ ವಹಿಸಿದೆ.”

ಅಲ್ಪವಿರಾಮ ಗಂಟಲು ಸರಿಮಾಡಿಕೊಂಡ. “ಹಾಗಾದ್ರೆ... ನಂಬಿಕೆ ಇದೆ ಅಂದದ್ದು?”

“ಇತ್ತಲ್ಲ! ಖಂಡಿತ ಕೆಡಿಸ್ತೀರಿ ಅಂತ ಪೂರ್ತಿ ನಂಬಿದ್ದೆ!” ಮಾವನ ದನಿ ಅಳುವಂತಾಯಿತು. “ಹದಿನಾರು ವರ್ಷದಲ್ಲಿ ಒಂದು ಕೆಲಸ ನೆಟ್ಟಗೆ ಮಾಡಿದೋರಲ್ಲ ನೀವು. ಇವತ್ತೇ ಯಾಕ್ರೀ ಮಾಡೋಕೆ ಹೋದ್ರಿ?”

ಅಷ್ಟರಲ್ಲಿ ಮಾವನ ಕಣ್ಣಿನಲ್ಲಿ ಏನೋ ಮಿಂಚಿತು. ಅವರು ಫೋನ್ ಎತ್ತಿ ರೇಸ್ ನಡೆಸುವವರಿಗೆ ಕರೆ ಮಾಡಿದರು.

“ಹಲೋ, ನಾಳೆಯ ಪಟ್ಟಿಯಲ್ಲಿ ಕೆಂಪು ಕಾರಿನ ಡ್ರೈವರ್ ಹೆಸರು ಬದಲಾಯಿಸಿ. ನಾನಲ್ಲ, ನಮ್ಮ ಅಳಿಯ. ಅನುಭವಾನಾ? ಅಯ್ಯೋ, ಎಂಜಿನ್ನಿನ ಕಂಪ್ಯೂಟರ್ ಆರಿಸಿ ಕೂರಿಸಿದ್ದೇ ಅವರು! ಗ್ಯಾರೇಜಿನವರ ತಪ್ಪನ್ನೇ ಹಿಡಿದಿದ್ದಾರಂತೆ, ಎದುರು ಮನೆಯವರು ಈಗ ತಾನೇ ಹೇಳಿದ್ರು, ಊರೆಲ್ಲ ಅದೇ ಮಾತು. ಕಾರು ಅವರ ಮಾತು ಕೇಳುತ್ತೆ ಸ್ವಾಮಿ. ಹ್ಞಾಂ, ಬೆಳಿಗ್ಗೆ ಆರಕ್ಕೇ ಬರ್ತಾರೆ.”

ಬಾಗಿಲ ಮರೆಯಲ್ಲಿ ನಿಂತು ಈ ಕೊನೆಯ ಮಾತನ್ನಷ್ಟೇ ಕೇಳಿಸಿಕೊಂಡ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೋಡಿದ್ರಾ? ಅಪ್ಪ ಜೀವಮಾನದಲ್ಲಿ ಮೊದಲ ಸಲ ನಿಮ್ಮನ್ನ ಹೊಗಳಿದ್ರು!”

ಆವತ್ತು ಊಟಕ್ಕೆ ಕೂತ ಮಾವ ಒಂದು ತಿಂಗಳ ಹಸಿವನ್ನೆಲ್ಲ ಒಂದೇ ಸಲ ತೀರಿಸಿಕೊಂಡರು. ಅಳಿಯನಿಗೆ ಮಾತ್ರ ತುತ್ತು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಮಾವ ತಮ್ಮ ಕೈಯಾರೆ ತೊಡಿಸಿದ್ದ ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಬಿಗಿಯಾಗಿತ್ತು. ಅದನ್ನು ಬಿಚ್ಚುವುದು ಹೇಗೆಂದು ಅವನಿಗೆ ತಿಳಿದಿರಲಿಲ್ಲ.