ಮುಂದಿನ ಸೀಟಿನ ಗುಂಡುಕಲ್ಲು

ಕುರ್ಚಿಗೆ ಎರಡು ಕೊಕ್ಕೆಗಳಿದ್ದವು. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಮುಂಬಯಿಯಲ್ಲಿ ಹೋಟೆಲು ನಡೆಸುವ ಭಾವ ಉಮಾನಾಥ, ತಂಗಿಯ ಮಗುವಿಗೆಂದು ಯಾವುದೋ ಹಡಗಿನವರಿಂದ ಕೊಂಡು ಕಳಿಸಿದ ಕುರ್ಚಿ ಅದು. ಕಬ್ಬಿಣದ ನಳಿಗೆ, ದಪ್ಪ ಬಟ್ಟೆ, ಹೊಟ್ಟೆಗೆ ಬಿಗಿಯಲು ಒಂದು ಚರ್ಮದ ಪಟ್ಟಿ. ಕೊಕ್ಕೆಗಳನ್ನು ಕಾರಿನ ಮುಂದಿನ ಸೀಟಿನ ಬೆನ್ನಿಗೆ ಸಿಕ್ಕಿಸಿದರೆ ಮಗು ಅದರಲ್ಲಿ ಸಾಹುಕಾರನ ಹಾಗೆ ಕೂತು ಬರಬಹುದು. ಆದರೆ ಕೊಕ್ಕೆ ಮಾಡಿದವರು ಕಂಡದ್ದು ಹೊಸ ಕಾರುಗಳ ದಪ್ಪ ಸೀಟು. ಕುಂದಾಪುರದ ಬಸ್ ಸ್ಟ್ಯಾಂಡಿನ ಬಳಿ ಹೋಟೆಲಿಟ್ಟ ರತ್ನಾಕರ ಶೆಟ್ಟಿಯದು ಯಾರೋ ದೊರೆ ಬಿಟ್ಟುಹೋಗಿ, ಡಾಕ್ಟರು ವಕೀಲರ ಕೈದಾಟಿ ಬಂದ ಕಾರು. ಅದರ ಸೀಟಿನ ಬೆನ್ನು ಹಪ್ಪಳದಷ್ಟು ತೆಳು. ಸಿಕ್ಕಿಸಿದ ಕುರ್ಚಿ, ಸಾಹೇಬರ ಎದುರು ನಿಂತ ಗುಮಾಸ್ತನ ಹಾಗೆ ಸುಮ್ಮಸುಮ್ಮನೆ ತಲೆಯಾಡಿಸುತ್ತಿತ್ತು.

ಇವತ್ತೇ ಅದು ಅಲ್ಲಾಡದೆ ನಿಲ್ಲಬೇಕಿತ್ತು. ಉಮಾನಾಥನ ತಂಗಿ, ರತ್ನಾಕರನ ಹೆಂಡತಿ ಪ್ರಭಾವತಿ ಬಾಣಂತನಕ್ಕೆಂದು ಬ್ರಹ್ಮಾವರದ ತಾಯಿಮನೆಗೆ ಹೋದವಳು ಮಗುವಿಗೆ ಏಳು ತಿಂಗಳಾದರೂ ತಿರುಗಿ ಬಂದಿರಲಿಲ್ಲ. ಬರುವ ಮನಸ್ಸು ಅವಳಿಗಿತ್ತು. ಕಳಿಸುವ ಮನಸ್ಸು ಅತ್ತೆ ಚಂದ್ರಮತಿ ಶೆಡ್ತಿಗೆ ಇರಲಿಲ್ಲ. ಒಮ್ಮೆ ಮಗುವಿಗೆ ಶೀತ, ಒಮ್ಮೆ ಹಲ್ಲು, ಒಮ್ಮೆ ದಿನ ಚೆನ್ನಾಗಿಲ್ಲ. ಬಸ್ಸಿನಲ್ಲಿ ಕರಕೊಂಡು ಹೋಗುತ್ತೇನೆಂದರೆ ಬಸ್ಸಿನಲ್ಲಿ ಕೆಮ್ಮುವವರಿರುತ್ತಾರೆ. ಕಾರು ತರುತ್ತೇನೆಂದರೆ, ಆ ಕಾರಿನ ಬಾಗಿಲು ಕುಂಭಾಶಿಯ ಹತ್ತಿರ ತಾನಾಗಿ ತೆರೆದು ಬಾಳೆಗೊನೆಯನ್ನು ರಸ್ತೆಗೆ ಉದುರಿಸಿದ ಸುದ್ದಿ ಬ್ರಹ್ಮಾವರಕ್ಕೆ ಮುಟ್ಟಿಯಾಗಿತ್ತು.

ಕೊನೆಗೆ ಅತ್ತೆ ಒಂದು ಮಾತು ಕೊಟ್ಟಿದ್ದರು. "ಉಮಾನಾಥ ಕುರ್ಚಿ ಕಳ್ಸ್ತಾ ಅಂಬ್ರ್. ಅದ್ ಕಾರಂಗೆ ಗಟ್ಟಿ ನಿಲ್ಕ್. ನಾನೇ ಹಿಡ್ದ್ ಅಲ್ಲಾಡ್ಸಿ ಕಾಣ್ತೆ. ಅಲ್ಲಾಡ್ದೆ ಇದ್ರೆ ಮಗುನ ಕರ್ಕಂಡ್ ಹೋಯ್ನಿ."

ನಾಳೆಯಿಂದ ಆಸಾಡಿ. ಆಸಾಡಿ ತಿಂಗಳಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವ ಮಾತೇ ಇಲ್ಲ. ಇವತ್ತು ಮೂರುಸಂಜೆಯೊಳಗೆ ಮಗು ಹೊರಟರೆ ಹೊರಟಿತು, ಇಲ್ಲದಿದ್ದರೆ ಇಲ್ಲ. ರತ್ನಾಕರ ಮಗುವನ್ನು ಎತ್ತಿಕೊಂಡದ್ದೇ ನಾಲ್ಕೈದು ಸಲ. ಎತ್ತಿದಾಗಲೆಲ್ಲ ಅದು ಕಳ್ಳನನ್ನು ಕಂಡಂತೆ ಕಿರುಚಿತ್ತು.

ಬೆಳಿಗ್ಗೆ ಅವನು ಕುರ್ಚಿಯ ಜೊತೆ ಒದ್ದಾಡುವುದನ್ನು ಮೊದಲು ಕಂಡವನು ಬಸ್ ಡ್ರೈವರ್ ಗೋವರ್ಧನ.

"ಹ್ವಾಯ್ ಶೆಟ್ರೆ, ಅದೆಂತ? ಕೋಳಿ ಗೂಡಾ?"

"ಮಗು ಕೂರ್ಸುವ ಕುರ್ಚಿ ಮಾರಾಯ. ಅಲ್ಲಾಡ್ತಿತ್ತ್."

"ಇಷ್ಟೇಯಾ? ಸರೀನಿ ಬದಿಗೆ."

ಗೋವರ್ಧನ ಹಳೆಯ ಸೈಕಲ್ ಟಯರು ಕತ್ತರಿಸಿ ಕೊಕ್ಕೆಯ ಸಂದಿಗೆ ತುರುಕಿದ. ಕೈಯಲ್ಲಿ ತಟ್ಟಿ ನೋಡಿದ. "ಇನ್ ಆನೆ ಕೂರ್ಸಿದ್ರೂ ಅಲ್ಲಾಡ. ಒಂದ್ ಸುತ್ತ್ ಹೋಯ್ ಬಪ್ಪ."

ಪೇಟೆಯ ಒಂದು ಸುತ್ತು ಪೂರ್ತಿಯಾಗಲಿಲ್ಲ. ಅಡ್ಡ ಬಂದ ದನಕ್ಕೆ ರತ್ನಾಕರ ಬ್ರೇಕು ಒತ್ತಿದ. ಕಾರು ನಿಂತಿತು, ಕುರ್ಚಿ ನಿಲ್ಲಲಿಲ್ಲ. ಟಯರಿನ ತುಂಡುಗಳ ಸಮೇತ ಹಾರಿ ಮುಂದಿನ ಗಾಜಿಗೆ ಮುತ್ತಿಟ್ಟು ಗೋವರ್ಧನನ ಮಡಿಲಿಗೆ ಬಿತ್ತು.

"ಮಗು ಇದ್ದಿದ್ರೆ ಹೀಂಗ್ ಆತಿರ್ಲಿಲ್ಲೆ," ಎಂದ ಗೋವರ್ಧನ ಮೊಣಕಾಲು ತಿಕ್ಕಿಕೊಳ್ಳುತ್ತ. "ಭಾರ ಇರ್ತಿತ್ತಲೆ." ಹಾಗೆಂದು ತನ್ನ ಬಸ್ಸಿನ ಹೊತ್ತಾಯಿತೆಂದು ಇಳಿದು ಹೋದ.

ಹೋಟೆಲಿನ ಬೆಂಚಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದವನು ಚಂದು ಮರಕಾಲ. ಮಳೆಗಾಲ, ದೋಣಿಗಳೆಲ್ಲ ದಡ ಹತ್ತಿದ್ದವು. ಒಂದು ಲೋಟ ಚಾ ಮುಂದಿಟ್ಟುಕೊಂಡು ಊರಿನವರ ಕೆಲಸಗಳಲ್ಲಿ ಕುಂದು ಹುಡುಕುವುದು ಬಿಟ್ಟರೆ ಚಂದುವಿಗೆ ಬೇರೆ ಉದ್ಯೋಗವಿರಲಿಲ್ಲ.

"ಶೆಟ್ರೆ, ಬಸ್ಸಿನವ್ರ ಹತ್ರ ಹೋದ್ರೆ ಹೀಂಗೇ. ಹಗ್ಗ ಹಾಕ್ಕ್, ಹಗ್ಗ! ಕಡಲಂಗೆ ದೋಣಿ ನಿಲ್ಸುವವ ನಾನ್. ಕುರ್ಚಿ ನಿಲ್ಸೂಕಾತಿಲ್ಯಾ?"

ಚಂದು ಹಗ್ಗ ತಂದ. ಕುರ್ಚಿಯ ಕಾಲಿನಿಂದ ಸೀಟಿನ ಕಾಲಿಗೆ, ಅಲ್ಲಿಂದ ಬೆನ್ನಿಗೆ, ಮತ್ತೆ ಕೆಳಕ್ಕೆ. ಸೀಟಿನಡಿಗೆ ನುಸುಳಿ, ಕಾಲು ಮಾತ್ರ ಹೊರಗೆ ಬಿಟ್ಟುಕೊಂಡು ಬಿಗಿದ. ಎದ್ದು ಬಂದವನು ರತ್ನಾಕರನ ಕೈ ಹಿಡಿದು ಕುರ್ಚಿಯ ಮೇಲೆ ಇಟ್ಟ. ರತ್ನಾಕರ ಎಳೆದ, ನೂಕಿದ, ಬಾಗಿಲಿಗೆ ಕಾಲು ಕೊಟ್ಟು ಜಗ್ಗಿದ. ಕಾರೇ ಅಲ್ಲಾಡಿತು, ಕುರ್ಚಿ ಅಲ್ಲಾಡಲಿಲ್ಲ.

ರತ್ನಾಕರನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಗಲೇ ಹೊರಟುಬಿಟ್ಟಿದ್ದರೆ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಪಕ್ಕದ ಮನೆಯ ಪದ್ದಕ್ಕ ಅಂಗಳದಿಂದ ಕೂಗಿದಳು.

"ರತ್ನಾಕರಾ! ಖಾಲಿ ಕುರ್ಚಿ ತೂಗ್ಸ್ಕಂಡ್ ಹೋತ್ಯಾ? ಬುದ್ಧಿ ಇತ್ತಾ ನಿಂಗೆ?"

"ಮಗು ಕರ್ಕಂಡ್ ಬಪ್ಪೂಕೇ ಹೋಪುದ್ ಪದ್ದಕ್ಕಾ. ಹೋತ ಖಾಲಿಯೇ ಅಲ್ದಾ?"

"ಖಾಲಿ ತೊಟ್ಲ್ ತೂಗೂಕಾಗ, ಖಾಲಿ ಕುರ್ಚಿಯೂ ಹಾಂಗೇ. ತೊಟ್ಲಿಗ್ ಹಾಕುವಾಗ ಮಗುಗಿಂತ ಮೊದ್ಲ್ ಎಂತ ಮಲಗ್ಸೂದ್? ಗುಂಡುಕಲ್ಲ್ ಅಲ್ದಾ? ನಿಲ್ಲ್ ಅಲ್ಲೇ."

ಪದ್ದಕ್ಕ ತನ್ನ ಮನೆಯ ಅರೆಯುವ ಗುಂಡುಕಲ್ಲನ್ನು ಸೊಂಟದ ಮೇಲೆ ಹೊತ್ತು ತಂದಳು. ಕುರ್ಚಿಯಲ್ಲಿ ಕೂರಿಸಿ, ದೃಷ್ಟಿಯಾಗದಿರಲೆಂದು ಕಾಡಿಗೆಯ ಬೊಟ್ಟಿಟ್ಟು, ತಲೆಗೊಂದು ಕುಲಾವಿಯನ್ನೂ ತೊಡಿಸಿದಳು. ಚರ್ಮದ ಪಟ್ಟಿ ಕಲ್ಲಿನ ಹೊಟ್ಟೆಗೆ ಸಾಲಲಿಲ್ಲ. ಇನ್ನೊಂದು ಹಗ್ಗ ತಂದು ಕಲ್ಲನ್ನು ಕುರ್ಚಿಗೆ ಬಿಗಿದವನು ಮತ್ತೆ ಚಂದುವೇ.

ಹೋಟೆಲಿನ ಊಟದ ಹೊತ್ತು ಮುಗಿಸಿ ಹೊರಟ ಕಾರು ಕೋಟೇಶ್ವರ ದಾಟುವಾಗ ಮಳೆ ಹಿಡಿಯಿತು. ಕಾರಿನ ಚಾವಣಿಗೆ ಎಲ್ಲೆಲ್ಲೋ ತೂತಿದ್ದರೂ ನೀರು ಸುರಿದದ್ದು ಸರಿಯಾಗಿ ಕುರ್ಚಿಯ ಮೇಲೆ. ಸಾಲಿಗ್ರಾಮದಲ್ಲಿ ಗಾಜು ಒರೆಸಲು ನಿಲ್ಲಿಸಿದರೆ ಕೊಡೆ ಹಿಡಿದ ಮುದುಕರೊಬ್ಬರು ಒಳಗೆ ಬಗ್ಗಿ ನೋಡಿದರು.

"ಬಣ್ಣ ಒಂಚೂರ್ ಕಪ್ಪ್. ಆರೆ ಮಗು ಗಟ್ಟಿಮುಟ್ಟ್ ಇತ್ತ್. ಅಳೂದೇ ಇಲ್ಲೆ ಕಾಣಿ! ಯಾರ ಹಾಂಗೆ, ನಿಮ್ಮ ಹಾಂಗಾ?"

ರತ್ನಾಕರ ಗಾಡಿ ಬಿಟ್ಟ.

ಬ್ರಹ್ಮಾವರದ ಹೊಳೆಬದಿಯ ಮನೆಯ ಅಂಗಳಕ್ಕೆ ಕಾರು ನುಗ್ಗಿದಾಗ ಮಳೆ ನಿಂತಿತ್ತು, ಇನ್ನೂ ಬೆಳಕಿತ್ತು. ಪ್ರಭಾವತಿ ಪೆಟ್ಟಿಗೆ ಕಟ್ಟಿ, ಹೊಸ ಸೀರೆ ಉಟ್ಟು, ಮಗುವನ್ನೆತ್ತಿಕೊಂಡು ಜಗಲಿಯಲ್ಲಿ ನಿಂತಿದ್ದಳು. ಅತ್ತೆ ಕೊಡೆಯೂರಿಕೊಂಡು ಕೆಳಗಿಳಿದು ಬಂದರು. ಕುಲಾವಿ ತೊಟ್ಟ ಕಲ್ಲನ್ನು ನೋಡಿದರು. ನಗಲಿಲ್ಲ.

"ಒಳ್ಳೇದಾಯ್ತ್. ಖಾಲಿ ಕುರ್ಚಿ ತರೂಕಾಗ," ಎಂದರು. ಆಮೇಲೆ ಕೊಡೆಯನ್ನು ಬದಿಗಿಟ್ಟು ಎರಡೂ ಕೈಯಲ್ಲಿ ಕುರ್ಚಿ ಹಿಡಿದು ಅಲ್ಲಾಡಿಸಿದರು. ಗೇರುಮರ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿದರು. ಕಾರಿನ ಹಿಂದಿನ ಒಂದು ತಗಡು ಕಳಚಿ ಅಂಗಳಕ್ಕೆ ಬಿತ್ತು. ಕುರ್ಚಿ ಮಿಸುಕಲಿಲ್ಲ.

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡರು. ಮೊಮ್ಮಗುವಿನ ಕಡೆ ನೋಡಿದರು. ಅದು ಅಜ್ಜಿಯನ್ನು ಕಂಡು ಇರುವ ಎರಡು ಹಲ್ಲನ್ನೂ ತೋರಿಸಿತು.

"ಆಯ್ತ್ ಅಳಿಯ. ಕೊಟ್ಟ ಮಾತ್ ಮಾತೇ. ಕಲ್ಲ್ ತೆಗೀನಿ, ಮಗು ಕೂರ್ಸುವ."

ರತ್ನಾಕರ ಗಂಟಿಗೆ ಕೈ ಹಾಕಿದ. ಮಳೆನೀರು ಕುಡಿದ ಹಗ್ಗ ಉಬ್ಬಿ, ಗಂಟು ಅಡಿಕೆಯ ಹಾಗೆ ಗಟ್ಟಿಯಾಗಿತ್ತು. ಉಗುರು ಹಾಕಿದ, ಉಗುರು ಮುರಿಯಿತು. ಮನೆಯ ಆಳು ಕರಿಯ ಬಂದು ಹಲ್ಲು ಹಾಕಿದ. ಅವನ ಹಲ್ಲು ಮೊದಲೇ ಸಡಿಲವಿತ್ತು. ಪ್ರಭಾವತಿ ಜಗಲಿಯಿಂದಲೇ ಸೂಜಿ ಕೊಟ್ಟಳು, ಸೌಟು ಕೊಟ್ಟಳು. ಅತ್ತೆ ಪಾಪ, ಬದಿಯಲ್ಲೇ ನಿಂತು, ಕಲ್ಲು ಉರುಳಿ ಬೀಳದಿರಲೆಂದು ಅದರ ಮೇಲೊಂದು ಕೈಯಿಟ್ಟು ಹಿಡಿದುಕೊಂಡಿದ್ದರು.

"ಕತ್ತಿ ತಾ ಕರಿಯಾ, ಕೊಯ್ದೇ ಬಿಡುವ," ಎಂದ ರತ್ನಾಕರ.

"ಹ್ವಾಯ್!" ಅತ್ತೆಯ ದನಿ ಏರಿತು. "ಮಗು ಮೊದ್ಲ್ ಕೂಕಂಬ ಜಾಗ. ಅದ್ಕೆ ಕತ್ತಿ ಹಾಕ್ತ್ರಿಯಾ? ಗುಂಡುಕಲ್ಲ್ ಅಂದ್ರೆ ಮಗುಗ್ ಅಣ್ಣ ಇದ್ದಾಂಗೆ. ಕೈಯಲ್ ಎತ್ತಿ ಇಳಿಸ್ಕ್. ಕೊಯ್ದ್ ಇಳ್ಸುದಲ್ಲ."

"ಅಮ್ಮಾ, ಹೊತ್ತ್ ಹೋತಿತ್ತಲೆ," ಎಂದಳು ಪ್ರಭಾವತಿ. "ನಾನ್ ಮಗುನ ಮಡಿಲಲ್ಲೇ ಇಟ್ಕಂತೆ."

"ಬಾಗ್ಲ್ ತೆರ್ದ್ ಗೊನೆ ಬಿದ್ದ ಕಾರಂಗಾ? ಆತಿಲ್ಲೆ ಮಗ."

ದೀಪ ಹಚ್ಚುವ ಹೊತ್ತಾಯಿತು. ಪ್ರಭಾವತಿ ಮೂಗು ಒರೆಸಿಕೊಂಡು ಒಳಗೆ ಹೋದಳು. ರತ್ನಾಕರ ಮಗುವನ್ನು ಎತ್ತಿಕೊಂಡ. ಅದು ಕಿರುಚಿತು.

"ಬೇಜಾರ್ ಮಾಡ್ಕಂಬ್ಯಾಡಿ ಅಳಿಯ," ಎಂದರು ಅತ್ತೆ, ಹಲಸಿನ ಹಪ್ಪಳದ ಕಟ್ಟೊಂದನ್ನು ಕಾರಿನೊಳಗಿಟ್ಟು. "ಆಸಾಡಿ ಮುಗ್ದ್ ಮೇಲ್ ಬನಿ. ಒಂದ್ ತಿಂಗ್ಳ್ ಎಷ್ಟ್ ಹೊತ್ತ್?"

ಕುಂದಾಪುರದಲ್ಲಿ ಪದ್ದಕ್ಕ ಆರತಿಯ ತಟ್ಟೆ ಹಿಡಿದು ಕಾಯುತ್ತಿದ್ದಳು. ಚಂದು ಮರಕಾಲನೂ ಬೆಂಚಿನಿಂದ ಎದ್ದು ಬಂದ. ಆರತಿ ಎರಡು ಸುತ್ತು ಬಂದ ಮೇಲೆ ಪದ್ದಕ್ಕನಿಗೆ ತನ್ನ ಕಲ್ಲಿನ ಗುರುತು ಸಿಕ್ಕಿತು.

"ಎಂತ ಶೆಟ್ರೆ, ಇವ್ನೇ ವಾಪಾಸ್ ಬಂದ್ನಾ?" ಎಂದ ಚಂದು.

"ನಿನ್ ಗಂಟ್ ಬಿಚ್ಚೂಕಾಯ್ಲಿಲ್ಲೆ ಮಾರಾಯ! ನನ್ ಸಂಸಾರಕ್ಕೇ ಗಂಟ್ ಹಾಕ್ದೆ ನೀನ್!"

"ಬಿಚ್ಚೂಕಾಯ್ಲಿಲ್ಯಾ?" ಚಂದು ಬಗ್ಗಿ, ಕಲ್ಲಿನ ಮೇಲೆ ಮಡಚಿಟ್ಟಿದ್ದ ಹಗ್ಗದ ಸಣ್ಣ ತುದಿಯೊಂದನ್ನು ಎರಡೇ ಬೆರಳಲ್ಲಿ ಹಿಡಿದು ಎಳೆದ. ಗಂಟು ಸರ್ರನೆ ಜಾರಿ, ಹಗ್ಗ ಬೆಂದ ಶಾವಿಗೆಯ ಹಾಗೆ ಕೆಳಗೆ ಬಿತ್ತು. "ದೋಣಿ ಗಂಟಲ್ದಾ ಇದ್? ಗಾಳಿ ಎದ್ದಾಗ ಲಾಯ್ಕ್ ಬಿಚ್ಚೂಕಾಯ್ಕ್. ಮೇಲಿನ್ ತುದಿ ಎಳ್ದ್ರೆ ಆಯ್ತ್. ಎಷ್ಟ್ ಒದ್ದೆಯಾದ್ರೂ ಬತ್ತ್."

ರತ್ನಾಕರ ಹಗ್ಗದ ತುದಿ ಎತ್ತಿ ತಿರುಗಿಸಿ ನೋಡಿದ.

"ಹೊಳೆಬದಿಯವ್ರಿಗೆಲ್ಲ ಗೊತ್ತಿತ್ತಲೆ ಶೆಟ್ರೆ. ನಿಮ್ಮ ಅತ್ತೆ ಮನೆ ಬ್ರಹ್ಮಾವರದಗೆ ಎಲ್ಲಿ?"

"ಹೊಳೆಬದಿಯಗೇ. ಚಂದ್ರಮತಿ ಶೆಡ್ತೀರ ಮನೆ."

ಚಂದು ತೊಡೆ ತಟ್ಟಿಕೊಂಡ. "ಅಯ್ಯೋ, ಚಂದ್ರಮತಿ ಶೆಡ್ತೀರಾ! ಪ್ರಾಯದಗೆ ನಾನ್ ಅವ್ರ ತೆಂಗಿನ್ಕಾಯಿ ದೋಣಿಯಗೆ ಇದ್ದವ. ದೋಣಿ ಕಟ್ಟೂಕೆ ಬತ್ತಿಲ್ಲೆ ಅಂದೇಳಿ ಬೈದ್, ಈ ಗಂಟ್ ನಂಗೆ ಕಲ್ಸಿದ್ದೇ ಅವ್ರ್!"

ರತ್ನಾಕರನಿಗೆ ಕಲ್ಲಿನ ಮೇಲಿದ್ದ ಅತ್ತೆಯ ಕೈ ನೆನಪಾಯಿತು. ಏಳು ತಿಂಗಳ ಮಗುವನ್ನು ಇನ್ನೊಂದು ತಿಂಗಳು ಮಡಿಲಲ್ಲಿಟ್ಟುಕೊಳ್ಳಲು ಒಂದು ಅಂಗೈ ಅಡ್ಡ ಇಟ್ಟದ್ದಕ್ಕೆ ಯಾರ ಹತ್ತಿರ ದೂರು ಕೊಡುವುದು? ಕಲ್ಲನ್ನು ಎತ್ತಿ ಪದ್ದಕ್ಕನ ಕೈಗೆ ಕೊಡಲು ಹೋದ.

ಪದ್ದಕ್ಕ ಹಿಂದೆ ಸರಿದಳು.

"ಅಲ್ಲೇ ಕೂರ್ಸ್. ಮಗು ಬಪ್ಪಲ್ಲಿವರೆಗೆ ಕುರ್ಚಿ ಖಾಲಿ ಬಿಡೂಕಾಗ," ಎಂದಳು. "ಅಷ್ಟ್ ದಿನ ನಂಗೆ ಅರೂಕೆ ಕಲ್ಲಿಲ್ಲೆ. ನಾಳೆಯಿಂದ ದೋಸೆ ನಿನ್ ಹೋಟ್ಲಿಂದೇ ಕಳ್ಸ್. ಚಟ್ನಿ ಮರೀಬ್ಯಾಡ."