ಕರೀಮಸಾಬನ ಜುಣಕ

ನಾನು ನಿಂತಿದ್ದು ದಾಂಡೇಲಿಯ ಸಂತೆ ಬೀದಿಯಲ್ಲಿ, ಕರೀಮಸಾಬನ ತಳ್ಳುಗಾಡಿಯ ಎಡಗಡೆ, ತವೆಯಿಂದ ಒಂದು ಮಾರು ದೂರದಲ್ಲಿ. ಅಂದು ರವಿವಾರ. ಮಿಲ್ಲಿನ ಸಂಜೆಯ ಭೋಂಗಾ ಕೂಗಿ ಸ್ವಲ್ಪ ಹೊತ್ತಾಗಿತ್ತು. ಕಂದೀಲು ಹಚ್ಚುವಷ್ಟು ಕತ್ತಲಾಗಿರಲಿಲ್ಲ. ನನ್ನ ಕಣ್ಣಿಗೂ ತವೆಗೂ ನಡುವೆ ತುಸು ಹೊಗೆಯ ಹೊರತು ಬೇರೇನೂ ಇರಲಿಲ್ಲ. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಗದದ ಕಾರ್ಖಾನೆಯಲ್ಲಿ ಬಿದಿರು ತೂಗುವ ಗುಮಾಸ್ತನಾಗಿ ಮುದುಕನಾದವನು ನಾನು. ಮುಳ್ಳು ನಿಲ್ಲುವ ಮೊದಲು ತೂಕ ಹೇಳುವ ಅಭ್ಯಾಸ ನನಗಿಲ್ಲ. ಕಂಡಷ್ಟನ್ನೇ ಹೇಳುತ್ತೇನೆ.

ನಮ್ಮ ಮನೆಯ ಒಂದು ಹಳೆಯ ರಗಳೆ ಆ ತವೆಯಿಂದಲೇ ಎದ್ದದ್ದು. ನನ್ನ ಹೆಂಡತಿ ನೀಲವ್ವ ಮಾಡುವ ಜುಣಕ ಎಂಥವರೂ ಬೆರಳು ಚೀಪುವಂಥದು. ಕಡ್ಲಿಹಿಟ್ಟು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಮೇಲೆ ಕೊತ್ತಂಬರಿ. ಅದನ್ನು ಉಂಡು ಮುಖ ಸಣ್ಣದು ಮಾಡಿದವರು ಲೋಕದಲ್ಲಿ ಒಬ್ಬರೇ: ಅವಳ ಸೋದರಮಾವ, ನಮ್ಮ ಕಡೆಯದೇ ಇಂದೂರು ಎಂಬ ಹಳ್ಳಿಯ ಚನಬಸಪ್ಪನವರು. ಬಂದಾಗಲೆಲ್ಲ ಎರಡು ರೊಟ್ಟಿ ಮುಗಿಸಿ, ಮೀಸೆ ಒರೆಸಿಕೊಂಡು, "ಛಲೋ ಐತವ್ವಾ. ಆದ್ರ ಸಂತಿ ಬೀದಿ ಜುಣಕದ ರುಚಿ ಬರಂಗಿಲ್ಲ ಬಿಡು," ಅನ್ನುತ್ತಿದ್ದರು. ನೀಲವ್ವ ನನ್ನ ಕಡೆ ತಿರುಗಿ, "ಅದರಾಗ ಆ ಕರೀಮಸಾಬ ಏನ್ ಹಾಕ್ತಾನ್ರೀ?" ಎಂದು ಕೇಳುವಳು. ನಾನು ಸೂರಿನ ಹಂಚು ಎಣಿಸುವವನಂತೆ ಮೇಲೆ ನೋಡುವೆ. ಅವಳು ಇಂಗು ಹಾಕಿ ನೋಡಿದಳು, ಬಳ್ಳೊಳ್ಳಿ ಜಜ್ಜಿ ಹಾಕಿ ನೋಡಿದಳು, ಒಮ್ಮೆ ಹಾಲನ್ನೂ ಹಾಕಿದಳು. ಅದರ ವಿಚಾರ ಬೇಡ.

ನಾನು ಮಳಗಿಯವನು. ಆ ರವಿವಾರದ ಹೊತ್ತಿಗೆ ನನಗಿನ್ನೂ ಮದುವೆಯಾಗಿರಲಿಲ್ಲ. ಎರಡು ಸಂಬಂಧ ಬಂದು ಮುರಿದಿದ್ದವು. ನೀಲವ್ವನದು ಮೂರನೆಯದು. "ಇದೂ ತಪ್ಪಿದ್ರ ಬಿದಿರಿನ ಕೂಡನ ಲಗ್ನಾ ಆಗು" ಎಂದು ನಮ್ಮವ್ವ ಹೇಳಿ ಕಳಿಸಿದ್ದಳು. ಹೆಣ್ಣಿನ ಕಡೆಯವರು ಬಂದು ಮನೆ ನೋಡುವುದು ನಮ್ಮಲ್ಲಿ ಪದ್ಧತಿ. ಬಾಡಿಗೆ ಕೋಲಿಯಲ್ಲಿ ಒಂದು ಟ್ರಂಕು, ಒಂದು ಕಂಬಳಿ ಇಟ್ಟುಕೊಂಡವನ ಬಳಿ ನೋಡುವುದೇನು? ಬಾಗಿಲಲ್ಲಿ ನಿಂತು ಅದನ್ನೆಲ್ಲ ಒಂದೇ ನೋಟಕ್ಕೆ ಮುಗಿಸಿದ ಚನಬಸಪ್ಪನವರು, "ಇದು ಮಲಗೂ ಜಾಗಾ ಆತು. ಉಣ್ಣೂ ಜಾಗಾ ತೋರ್ಸು. ಮನಷ್ಯಾ ಅಲ್ಲಿ ತಿಳೀತಾನ," ಎಂದರು. ಹಣೆಯ ತುಂಬ ವಿಭೂತಿ, ತಲೆಗೆ ಬಿಗಿದು ಸುತ್ತಿದ ರುಮಾಲು. ನೋಡಿದವನ ಸುಳ್ಳು ಬಾಯಿಗೆ ಬರದೆ ಒಳಗೇ ಉಳಿಯುವಂಥ ಮುಖ.

ಲಿಂಗಾಯತರ ಖಾನಾವಳಿಯಲ್ಲಿ ಎರಡು ಹೊತ್ತೂ ಉಣ್ಣುತ್ತೇನೆ ಎಂದು ನಾನು ಹೇಳಿ ಕಳಿಸಿದ್ದೆ. ಅಲ್ಲಿಗೇ ಕರೆದುಕೊಂಡು ಹೋದೆ. ಖಾನಾವಳಿಯ ಅವ್ವ ಬಾಗಿಲಿಗೆ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬರ್ರಿ, ಯಾವೂರಿಂದ ಬಂದೀರಿ?" ಎಂದಳು.

ಚನಬಸಪ್ಪನವರು ಬಯ್ಯಲಿಲ್ಲ. ಮೆಟ್ಟಿಲಿಳಿದು, "ಹೋಗೂಣು ನಡಿ. ಖರೇನ ಉಣ್ಣೂ ಕಡೆ," ಎಂದರು.

ಖರೇ ಉಣ್ಣುವ ಕಡೆ ಎಂದರೆ ಇಡೀ ಬೀದಿ. ಆ ಬೀದಿಯಲ್ಲಿ ಯಾರೂ ಯಾರ ಊರಿನವರೂ ಅಲ್ಲ. ಮಿಲ್ಲಿನ ಹೊಗೆ ನೋಡಿಕೊಂಡು ಬಂದವರು. ಎಲ್ಲರಿಗೂ ಹಸಿವೆಯ ಭಾಷೆ ಬರುತ್ತಿತ್ತು, ಉಳಿದದ್ದು ಕೈಸನ್ನೆಯಲ್ಲಿ ನಡೆಯುತ್ತಿತ್ತು. ಮಲಯಾಳಿ ಕುಟ್ಟನ್ ನನ್ನನ್ನು ದೂರದಿಂದಲೇ ಕಂಡು, ಕೇಳದೆಯೇ ಪುಟ್ಟು ಮತ್ತು ಕಡಲೆ ಬಡಿಸಿಟ್ಟ. ಅನಮೋಡ ಘಾಟ ದಾಟಿ ಗೋವಾದಿಂದ ಬಂದ ಪೆದ್ರು ಬುಟ್ಟಿಯ ಅರಿವೆ ಸರಿಸಿ, ನನಗೆಂದೇ ತೆಗೆದಿಟ್ಟ ಬಿಸಿ ಪಾವು ಕೈಗಿಟ್ಟ. ಒಂದೊಂದು ನಮಸ್ಕಾರಕ್ಕೂ ನನ್ನ ಮದುವೆ ಒಂದೊಂದು ಮಾರು ಹಿಂದೆ ಸರಿಯುತ್ತಿತ್ತು. ಮಾವನವರು ಮಾತ್ರ ಎಲ್ಲವನ್ನೂ ತಿಂದರು. "ಅಕ್ಕಿ ಹಿಟ್ಟಿಗೆ ಇಷ್ಟ ಸೊಗಸ ಬರ್ತೈತಿ ಅಂತ ನಮ್ಮ ಕಡೆ ಮಂದಿಗೆ ಗೊತ್ತಿಲ್ಲ ನೋಡು," ಎಂದರು.

ಪಾವು ಅವರ ಕೈಯಲ್ಲಿರುವಾಗಲೇ ಕರೀಮಸಾಬನ ಗಾಡಿ ಬಂತು. ತವೆಯ ಮೇಲೆ ಯಾರಿಗೋ ಮಾಡುತ್ತಿದ್ದ ತತ್ತಿಯ ಭುರ್ಜಿ. ಹಳದಿ ಬಣ್ಣ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಮೇಲೆ ಕೊತ್ತಂಬರಿ. ತತ್ತಿಯ ಬುಟ್ಟಿ ಗಾಡಿಯ ಕೆಳಗೆ ಹುಲ್ಲಿನಲ್ಲಿತ್ತು.

"ಅರೇ, ಜುಣಕ!" ಎಂದರು ಮಾವನವರು. "ಇಷ್ಟ ಹೊತ್ತು ಯಾಕ ಬಾಯಿ ಬಿಡಲಿಲ್ಲ ನೀ? ಸಾಹೇಬ್ರ, ಇದಕ್ಕೊಂದೀಟ ಹಾಕ್ರಿ," ಎಂದು ಪಾವು ಚಾಚಿದರು.

ಕರೀಮಸಾಬ ವಿಭೂತಿ ನೋಡಿದ, ನನ್ನನ್ನು ನೋಡಿದ. ಅವನು ಸಭ್ಯ ಮನುಷ್ಯ. "ಯಜಮಾನ್ರ, ಇದು ನಿಮಗ ನಡಿಯಂಗಿಲ್ರಿ," ಎಂದ.

"ಯಾಕ ನಡಿಯಂಗಿಲ್ಲ? ನನ್ನ ಹಲ್ಲ ಇನ್ನೂ ಗಟ್ಟಿ ಅದಾವ."

"ಹಲ್ಲಿಂದಲ್ರಿ ಮಾತು. ಇದು..."

"ತಿನ್ನೂವಾಗ ಮಾತಾಡಬಾರ್ದು ಸಾಹೇಬ್ರ. ಹಾಕ್ರಿ."

ನಾನು "ಮಾವಾರ..." ಎಂದೆ. ಇದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ. ಅವರು ನನ್ನತ್ತ ನೋಡಿದ ನೋಟಕ್ಕೆ ನಾನು ಗಾಡಿಯ ಗಾಲಿ ನೋಡತೊಡಗಿದೆ. ಹೇಳಿದರೆ ಮದುವೆ ಮುರಿಯುತ್ತದೆ. ಹೇಳದಿದ್ದರೆ ಪಾಪ ಯಾರ ಪಾಲಿಗೆ ಎಂದು ಲೆಕ್ಕ ಹಾಕುವಷ್ಟರಲ್ಲಿ ಪಾವು ಅರ್ಧವಾಗಿತ್ತು. ನಡುವೆ ಏನೋ ಹಲ್ಲಿಗೆ ಸಿಕ್ಕಿತು. ಅವರು ಅದನ್ನು ತೆಗೆದು ಬೆಳಕಿಗೆ ಹಿಡಿದರು. ಬೆಳ್ಳಗಿನ ತತ್ತಿಯ ಸಿಪ್ಪೆ. "ಕಡ್ಲಿ ಹಸನ ಮಾಡಿಲ್ಲ," ಎಂದು ಚಿಮ್ಮಿ ಬಿಟ್ಟರು.

ಇನ್ನೊಮ್ಮೆ ಪಾವು ಚಾಚಿದಾಗ ತವೆ ಬರಿದಾಗಿತ್ತು. ಕರೀಮಸಾಬನಿಗೆ ಬೇರೆ ದಾರಿಯಿರಲಿಲ್ಲ. ಬಗ್ಗಿದ, ಬುಟ್ಟಿಗೆ ಕೈ ಹಾಕಿದ, ತವೆಯ ಅಂಚಿಗೆ ಟಕ್ ಎಂದು ಒಡೆದ. ಆ ಕ್ಷಣದಲ್ಲಿ ಚನಬಸಪ್ಪನವರ ಮುಖ ಎಲ್ಲಿತ್ತು ಎಂಬುದನ್ನು ನಾನು ಖಚಿತವಾಗಿ ಹೇಳಬಲ್ಲೆ: ಮಿಲ್ಲಿನ ಚಿಮಣಿಯ ಕಡೆ. "ಹೊಗಿ ಭಾಳ ಬಿಡ್ತಾರಲ್ಲ ಇವ್ರು," ಎಂದರು.

ನಾನೇನು ತಿಂದೆ ಎಂದು ನೀವು ಕೇಳಬಹುದು. ಸಾಕ್ಷಿ ನುಡಿಯುವವನು ಕಂಡದ್ದನ್ನು ಹೇಳಬೇಕು, ಉಂಡದ್ದನ್ನಲ್ಲ.

ಎಂಟು ದಿನದಲ್ಲಿ ಒಪ್ಪಿಗೆ ಬಂತು. ಮದುವೆಯೂ ಆಯಿತು. ಆಮೇಲೆ ಪ್ರತಿ ಸುಗ್ಗಿ ಮುಗಿದ ಮೇಲೆ ಮಾವನವರು "ಹುಡಿಗಿ ಹೆಂಗದಾಳ ನೋಡೂಣು" ಎಂದು ಬರುತ್ತಿದ್ದರು. ಹುಡುಗಿಯನ್ನು ಬಾಗಿಲಲ್ಲೇ ನೋಡಿ ಮುಗಿಸಿ, ನನ್ನನ್ನು ಕರೆದುಕೊಂಡು ಬೀದಿಗೆ ಹೊರಡುತ್ತಿದ್ದರು.

ಅವರು ತೀರಿಹೋಗಿ ಈಗ ಕೆಲವು ವರ್ಷಗಳಾದವು. ಮೊನ್ನೆ ಜುಣಕ ಮಾಡಿದ ನೀಲವ್ವ ತಟ್ಟೆ ಮುಂದಿಟ್ಟುಕೊಂಡು ಕೂತಳು. "ಸಾಯೂತನಕಾ ಮಾಮಾಗ ನನ್ನ ಜುಣಕ ಸೇರ್ಲೇ ಇಲ್ಲ," ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ತಡೆಯಲಾಗಲಿಲ್ಲ. ಗಾಡಿ, ತವೆ, ಸಿಪ್ಪೆ, ಚಿಮಣಿ, ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ನಗತೊಡಗಿದಳು. ಬಿಕ್ಕಳಿಕೆ ಬರುವಷ್ಟು ನಕ್ಕಳು.

"ಮಾಮಾ ಊರಿಗೆ ಬಂದ ರಾತ್ರೀನ ನನಗ ಹೇಳಿದ್ದ. 'ನಾ ತತ್ತಿ ತಿನ್ನೂದನ್ನ ಹುಡುಗಾ ಕಣ್ಣಾರೆ ನೋಡ್ಯಾನ, ಆದ್ರೂ ಬಾಯಿ ಬಿಟ್ಟಿಲ್ಲ. ಇಂಥಾಂವ ಸಿಗೂದಿಲ್ಲ, ಮಾಡ್ಕೋ' ಅಂದಾ. ಅದಕ್ಕ ಹೂಂ ಅಂದೆ."

"ಮತ್ತ ಇಷ್ಟ ವರ್ಷಾ ಅದರಾಗ ಏನ್ ಹಾಕ್ತಾನ ಅಂತ ಕೇಳಿದ್ದು?"

"ಬಾಯಿ ಬಿಡ್ತೀರೇನೋ ನೋಡಾಕ," ಎಂದು ನಗು ನಿಲ್ಲಿಸಿ, ನನ್ನನ್ನು ಹೊಸಬನಂತೆ ನೋಡಿದಳು. "ಇವತ್ತ ಬಿಟ್ರಿ."

ಅಂದು ಇದನ್ನು ಕಂಡವರಲ್ಲಿ ಪೆದ್ರು ತೀರಿಕೊಂಡ. ತನ್ನ ಊರಿಗೆ ಹೋದ ಕುಟ್ಟನ್‌ನ ಸುದ್ದಿಯಿಲ್ಲ. ಬದುಕಿರುವವನು ಕರೀಮಸಾಬ ಒಬ್ಬನೇ. ಹಳಿಯಾಳದಲ್ಲಿ ಮಗಳ ಮನೆಯಲ್ಲಿದ್ದಾನೆ. ನಿನ್ನೆ ಹೋಗಿ ಕೇಳಿದೆ. "ಯಾವ ಯಜಮಾನ್ರು? ನಾ ಯಾರ್‍ನೂ ನೋಡಿಲ್ರಿ," ಎಂದ. ಬಾಯಿ ಬಿಡದ ವರನೇ ಬೇಕಿದ್ದರೆ ಚನಬಸಪ್ಪನವರು ಗಾಡಿಯ ಆಚೆ ನಿಂತವನನ್ನೂ ಒಮ್ಮೆ ನೋಡಬೇಕಿತ್ತು.